ರಾತ್ರಿ ಕಂಬಿ ಕಡಿಯುತ್ತಿದ್ದ ನಮ್ಮ ಮೊಲ: ಎರಡು ಹೊತ್ತು, ಎರಡು ಕಾರಣ

ರಾತ್ರಿ 11:30ಕ್ಕೆ ದೀಪ ಆರಿಸಿ ಹತ್ತು ನಿಮಿಷ ಕೂಡ ಆಗುತ್ತಿರಲಿಲ್ಲ, ಶುರುವಾಗುತ್ತಿತ್ತು. ಟಣ್, ಟಣ್, ಕರಕರ, ಮತ್ತೆ ಟಣ್. ನಮ್ಮ ಮೊಲ ಚಿನ್ನಿ ಗೂಡಿನ ಕಂಬಿಯನ್ನು ಹಲ್ಲಲ್ಲಿ ಕಚ್ಚಿ ಎಳೆಯುವ ಸದ್ದು ಅದು. ಹಗಲಲ್ಲಿ ಕೇಳಿದರೆ ದೊಡ್ಡದೇನಲ್ಲ. ರಾತ್ರಿ ಮಾತ್ರ ಇಡೀ ಮನೆ ತುಂಬಿಬಿಡುತ್ತಿತ್ತು. ನಾಲ್ಕು ತಿಂಗಳು ಹೀಗೇ ಕಳೆಯಿತು. ಒಂದು ಬೆಳಿಗ್ಗೆ ಮಗಳು ನಿದ್ದೆಗೆಟ್ಟ ಮುಖದಲ್ಲಿ ಬಂದು, "ಅಪ್ಪಾ, ಅದಕ್ಕೆ ಏನೋ ಬೇಕು. ನಮಗೆ ಗೊತ್ತಾಗ್ತಿಲ್ಲ ಅಷ್ಟೇ" ಅಂದಳು. ಆ ಮಾತು ನನಗೆ ನಾಟಿತು. ಸದ್ದು ನಿಲ್ಲಿಸೋಕೆ ನಾನು ಏನೇನೋ ಮಾಡಿದ್ದೆ. ಚಿನ್ನಿ ಯಾಕೆ ಕಡಿಯುತ್ತಿದ್ದಾಳೆ ಅಂತ ಒಂದು ದಿನವೂ ಕೂತು ನೋಡಿರಲಿಲ್ಲ.

ಏನೇನು ಮಾಡಿದ್ದೆ ಅಂತ ಹೇಳಿಬಿಡುತ್ತೇನೆ, ಬೇರೆಯವರಾದರೂ ಆ ದಾರಿ ಬಿಡಲಿ. ಕಂಬಿಗೆ ಕಹಿ ಸ್ಪ್ರೇ ಹೊಡೆದೆ. ಅವಳು ಒಂದು ಸಲ ಮೂತಿ ಒದರಿ, ಪಕ್ಕದ ಕಂಬಿ ಹಿಡಿದಳು. ಗೂಡಿನ ಮೇಲೆ ದಪ್ಪ ಬಟ್ಟೆ ಹೊದಿಸಿದೆ. ಬೆಳಿಗ್ಗೆ ನೋಡಿದರೆ ಬಟ್ಟೆಯ ಅಂಚು ಕಂಬಿಯ ಸಂದಿಯಲ್ಲಿ ಒಳಗೆ ಎಳೆದುಕೊಂಡು, ಅಂಗೈ ಅಗಲದಷ್ಟು ಕತ್ತರಿಸಿ ಹಾಕಿದ್ದಳು. ಅಷ್ಟು ದಾರ ಹೊಟ್ಟೆಗೆ ಹೋಗಿದ್ದರೆ ಕರುಳಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಮೊಲಕ್ಕೆ ವಾಂತಿ ಮಾಡಿ ಹೊರಹಾಕಲು ಬರುವುದಿಲ್ಲ. ಚಪ್ಪಾಳೆ ತಟ್ಟಿ ಗದರಿಸಿದೆ. ಗದರಿಸಿದಾಗ ಮೂಲೆಗೆ ಹೋಗಿ ಕಿವಿ ಬೆನ್ನಿಗಂಟಿಸಿ ಕೂತಳು. ಐದು ನಿಮಿಷ ಬಿಟ್ಟು ಮತ್ತೆ ಶುರು. ಮೈಮೇಲೆ ನೀರು ಚಿಮುಕಿಸಿ ಅಂತ ಒಬ್ಬರು ಹೇಳಿದ್ದರು. ಅದನ್ನು ಮಾತ್ರ ಮಾಡಲಿಲ್ಲ, ಪುಣ್ಯಕ್ಕೆ. ಮೊಲ ಬೇರೆ ಪ್ರಾಣಿಗಳಿಗೆ ಬೇಟೆಯಾಗುವ ಪ್ರಾಣಿ. ಹೆದರಿಸಿದರೆ ಅದು ಕಲಿಯುವುದು ಒಂದೇ, ನಮ್ಮನ್ನು ಕಂಡರೆ ಓಡುವುದು.

ಮೊದಲು ಡಾಕ್ಟರ್ ಹತ್ತಿರ ಹೋದೆ. ಎಲ್ಲರೂ ಇದನ್ನೇ ಮೊದಲು ಮಾಡಬೇಕು ಅಂತ ನನ್ನ ಅಭಿಪ್ರಾಯ. ಮೊಲದ 28 ಹಲ್ಲುಗಳೂ ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ. ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. "ಹಲ್ಲು ಸವೆಸಿಕೊಳ್ಳೋಕೆ ಕಂಬಿ ಕಡಿಯುತ್ತೆ, ಬಿಡಿ" ಅಂತ ತುಂಬಾ ಜನ ಹೇಳುತ್ತಾರೆ, ನಾನೂ ನಂಬಿದ್ದೆ. ಡಾಕ್ಟರ್ ಬಾಯಿ ತೆರೆಸಿ ತೋರಿಸಿದರು. ಕಂಬಿ ಕಚ್ಚಿ ಪಕ್ಕಕ್ಕೆ ಎಳೆದೂ ಎಳೆದೂ ಮೇಲಿನ ಒಂದು ಹಲ್ಲಿನ ತುದಿ ಸಣ್ಣದಾಗಿ ಚಕ್ಕೆ ಎದ್ದಿತ್ತು. ಹೀಗೇ ಬಿಟ್ಟರೆ ಹಲ್ಲು ಓರೆಯಾಗಿ, ಮೇಲಿನದು ಕೆಳಗಿನದು ಕೂಡದೆ ಹೋಗಬಹುದು ಅಂದರು. ಹಲ್ಲು ಸರಿಯಾಗಿ ಸವೆಯುವುದು ಹುಲ್ಲಿನಿಂದ. ಒಣಹುಲ್ಲನ್ನು ಮೊಲ ದವಡೆಯನ್ನು ಎಡಬಲಕ್ಕೆ ಆಡಿಸುತ್ತ, ಬೀಸುವ ಕಲ್ಲಿನ ಹಾಗೆ ಅರೆಯುತ್ತದೆ. ಕಬ್ಬಿಣ ಆ ಕೆಲಸ ಮಾಡುವುದಿಲ್ಲ. ಕಂಬಿಯ ಮೇಲಿನ ಬಣ್ಣ, ಸತುವಿನ ಲೇಪ ಹೊಟ್ಟೆಗೆ ಹೋದರೆ ಅದೂ ಅಪಾಯವೇ.

ಹಲ್ಲುನೋವೇನೂ ಇರಲಿಲ್ಲ. ಆದರೆ ಇನ್ನೊಂದು ವಿಷಯ ಕೇಳಿದರು, "ಆಪರೇಷನ್ ಆಗಿದೆಯಾ?" ಆಗಿರಲಿಲ್ಲ. ಚಿನ್ನಿಗೆ ಆಗ 10 ತಿಂಗಳು. ವಯಸ್ಸಿಗೆ ಬಂದ ಮೊಲಕ್ಕೆ ಸಂತಾನಹರಣ ಮಾಡಿಸದಿದ್ದರೆ ಈ ಚಡಪಡಿಕೆ ಜಾಸ್ತಿ. ಹೆಣ್ಣಾದರೆ ಮುಂದೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವವೂ ತುಂಬಾ. ಮಾಡಿಸಿದೆವು. ಒಂದು ಮಾತು ನೆನಪಿರಲಿ, ನಾಯಿ ಬೆಕ್ಕಿನ ಹಾಗೆ ಮೊಲವನ್ನು ಆಪರೇಷನ್‌ಗೆ ಮೊದಲು ಉಪವಾಸ ಇಡಬಾರದು. ವಾಂತಿ ಆಗುವ ಭಯ ಇಲ್ಲ, ಆದರೆ ಹೊಟ್ಟೆ ಖಾಲಿಯಾದರೆ ಕರುಳಿನ ಕೆಲಸ ನಿಂತುಬಿಡಬಹುದು. ಆಪರೇಷನ್ ಆದ ಮೇಲೆ ಹಾರ್ಮೋನ್ ಇಳಿಯಲು ಕೆಲವು ವಾರ ಬೇಕು. ಚಿನ್ನಿ ಸ್ವಲ್ಪ ಶಾಂತವಾದದ್ದು ನಿಜ. ಕಂಬಿ ಮಾತ್ರ ಬಿಡಲಿಲ್ಲ.

ಆಮೇಲೆ ಮಾಡಿದ ಕೆಲಸವೇ ನನ್ನ ಕಣ್ಣು ತೆರೆಸಿದ್ದು. ಹಳೇ ಫೋನೊಂದನ್ನು ಗೂಡಿನ ಎದುರು ಇಟ್ಟು, ಮಂದ ದೀಪ ಹಾಕಿ, ಏಳು ರಾತ್ರಿ ವಿಡಿಯೊ ಮಾಡಿದೆ. ಬೆಳಿಗ್ಗೆ ಓಡಿಸಿ ನೋಡಿ, ಕಡಿದ ಹೊತ್ತನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದೆ. ರಾತ್ರಿಯೆಲ್ಲ ಕಡಿಯುತ್ತಾಳೆ ಅಂದುಕೊಂಡಿದ್ದೆ, ಅಲ್ವೇ ಅಲ್ಲ. 11:40ರಿಂದ ಸುಮಾರು 1 ಗಂಟೆವರೆಗೆ ಒಮ್ಮೆ. ಆಮೇಲೆ ಮೂರು ಗಂಟೆ ಪೂರ್ತಿ ಮೌನ. ಮತ್ತೆ 4:15ರಿಂದ ಬೆಳಕು ಹರಿಯುವವರೆಗೆ. ಏಳೂ ದಿನ ಇದೇ ಲೆಕ್ಕ.

ಎರಡು ಹೊತ್ತಿನ ಕಡಿತವೂ ಒಂದೇ ತರ ಇರಲಿಲ್ಲ. ರಾತ್ರಿಯದ್ದು ಓಡಾಟದ ಜೊತೆ ಬರುತ್ತಿತ್ತು. ಈ ಮೂಲೆಯಿಂದ ಆ ಮೂಲೆಗೆ ಹೋಗುತ್ತಾಳೆ, ನೆಲ ಕೆರೆಯುತ್ತಾಳೆ, ಕಂಬಿ ಎಳೆಯುತ್ತಾಳೆ, ತಟ್ಟೆ ಎತ್ತಿ ಎಸೆಯುತ್ತಾಳೆ, ಮತ್ತೆ ಕಂಬಿ. ನಸುಕಿನದ್ದು ಬೇರೆ. ಬಾಗಿಲ ಹತ್ತಿರದ ಒಂದೇ ಕಂಬಿ. ಅದನ್ನು ಅಡ್ಡಕ್ಕೆ ಕಚ್ಚಿ ನಾಲ್ಕು ಸಲ ಜಗ್ಗುತ್ತಾಳೆ, ಬಿಡುತ್ತಾಳೆ. ಆಮೇಲೆ ಒಂದು ಕಿವಿಯನ್ನು ಮೆಲ್ಲಗೆ ನನ್ನ ಕೋಣೆಯ ಕಡೆ ತಿರುಗಿಸುತ್ತಾಳೆ. ಮೂಗು ಆಡುವುದೂ ನಿಂತಿರುತ್ತದೆ. ಕಾಯುತ್ತಾಳೆ. ಸದ್ದಿಲ್ಲ ಅಂದರೆ ಮತ್ತೆ ನಾಲ್ಕು ಸಲ. ಮೂರನೆಯ ರಾತ್ರಿಯ ವಿಡಿಯೊದಲ್ಲಿ ನನ್ನ ಮಂಚ ಕಿರ್ರೆಂದ ಸದ್ದು ಕೇಳುತ್ತದೆ. ಕೂಡಲೇ ಕಂಬಿ ಬಿಟ್ಟು, ತಟ್ಟೆಯ ಹತ್ತಿರ ಹೋಗಿ ಕೂರುತ್ತಾಳೆ. ನಾನು ಬಂದು ಪೆಲೆಟ್, ಅಂದರೆ ಮೊಲದ ಗುಳಿಗೆಯಂಥ ಒಣ ತಿಂಡಿ, ಹಾಕುತ್ತೇನೆ.

ತಿಂಗಳುಗಟ್ಟಲೆ ನಾನು ಮಾಡಿದ್ದು ಇದೇ. ಮಗಳು ಏಳಬಾರದು ಅಂತ, 5 ಗಂಟೆಗೆ ಎದ್ದು ಒಂದು ಹಿಡಿ ಪೆಲೆಟ್ ಹಾಕಿ ಬಾಯಿ ಮುಚ್ಚಿಸುತ್ತಿದ್ದೆ. ಕಂಬಿ ಜಗ್ಗಿದರೆ ತಿಂಡಿ ಬರುತ್ತದೆ ಅಂತ ಕಲಿಸಿದ್ದೇ ನಾನು. ಅವಳು ಚೆನ್ನಾಗಿ ಕಲಿತಿದ್ದಳು.

ಹೊತ್ತು ಎರಡು, ಕಾರಣ ಎರಡು. ಹಾಗಾಗಿ ಮದ್ದೂ ಎರಡು ಬೇಕಾಯಿತು. ನಸುಕಿನ ಕಡಿತಕ್ಕೆ ಸುಮ್ಮನಿರುವುದೇ ಮದ್ದು. ಆದರೆ ರಾತ್ರಿಯ ಕಡಿತಕ್ಕೆ ಸುಮ್ಮನಿದ್ದರೆ ಅದು ಅನ್ಯಾಯ. ಅಲ್ಲಿ ಅವಳಿಗೆ ನಿಜವಾಗಿ ಏನೋ ಕಡಿಮೆಯಾಗಿತ್ತು. ಅದಕ್ಕೇ ಮೊದಲು ರಾತ್ರಿಯದ್ದನ್ನು ಸರಿ ಮಾಡಿದೆ.

ಮೊಲ ಹಗಲಿನ ಪ್ರಾಣಿಯೂ ಅಲ್ಲ, ಪೂರ್ತಿ ರಾತ್ರಿಯ ಪ್ರಾಣಿಯೂ ಅಲ್ಲ. ಮುಸ್ಸಂಜೆ ಮತ್ತು ನಸುಕು ಅದರ ಹೊತ್ತು. ಚಿನ್ನಿ ಹಗಲೆಲ್ಲ ಮಲಗಿ ಸಂಜೆ 6ಕ್ಕೆ ಮೈಮುರಿದು ಏಳುತ್ತಿದ್ದಳು. ಆಗ ನಾವೆಲ್ಲ ನಮ್ಮ ನಮ್ಮ ಕೆಲಸದಲ್ಲಿ. ಅವಳನ್ನು ಹೊರಗೆ ಬಿಡುತ್ತಿದ್ದುದು 9 ಗಂಟೆಗೆ, ಅದೂ ಅರ್ಧ ಗಂಟೆ. ಗೂಡು ಮೂರು ಅಡಿ ಉದ್ದದ್ದು. ಮೂರು ಸಲ ಕುಪ್ಪಳಿಸುವಷ್ಟೂ ಜಾಗ ಇಲ್ಲ. ಓಡಬೇಕಾದ ಕಾಲು ಓಡದಿದ್ದರೆ ಆ ಶಕ್ತಿ ಎಲ್ಲಿಗೆ ಹೋಗಬೇಕು? ಕಂಬಿಗೇ ಹೋಗುತ್ತಿತ್ತು.

ಮಡಚಿಡಬಹುದಾದ ಕಂಬಿಬೇಲಿ ತಂದು ಗೂಡಿಗೆ ಜೋಡಿಸಿದೆ. ಗೂಡಿನ ಬಾಗಿಲನ್ನು ಕಳಚಿಯೇ ಇಟ್ಟುಬಿಟ್ಟೆ. ಈಗ ಗೂಡು ಅವಳ ಮಲಗುವ ಕೋಣೆ, ಬೇಲಿಯೊಳಗೆ ಓಡಾಡುವ ಅಂಗಳ. ಹಗಲು ರಾತ್ರಿ ಅವಳಿಗೆ ಅಷ್ಟು ಜಾಗ ಇದೆ. ಸಂಜೆ 6ರಿಂದ 10ರವರೆಗೆ ಬೇಲಿಯನ್ನೂ ತೆಗೆದು ಇಡೀ ಕೋಣೆಗೆ ಬಿಡುತ್ತೇನೆ. ಮೊದಲ ವಾರ ಒಂದು ಚಾರ್ಜರ್ ವೈರ್ ಕತ್ತರಿಸಿದಳು. ಸದ್ಯ ಪ್ಲಗ್‌ನಲ್ಲಿ ಹಾಕಿರಲಿಲ್ಲ. ಅವತ್ತೇ ಎಲ್ಲ ವೈರ್‌ಗಳನ್ನೂ ದಪ್ಪ ಪೈಪಿನೊಳಗೆ ತೂರಿಸಿದೆ. ನೆಲ ನುಣುಪಾಗಿದ್ದರೆ ಮೊಲ ಓಡುವುದೇ ಇಲ್ಲ, ಕಾಲು ಜಾರುತ್ತದೆ. ಚಾಪೆ ಹಾಸಿದ ದಿನ ಅವಳು ಗಾಳಿಯಲ್ಲಿ ಹಾರಿ, ಮೈ ತಿರುಚಿ, ಹಿಂಗಾಲು ಒದರಿದ್ದನ್ನು ಮೊದಲ ಸಲ ನೋಡಿದೆ. ಖುಷಿಯಾದ ಮೊಲ ಮಾಡುವುದೇ ಹಾಗೆ. ನಮ್ಮ ಮನೆಗೆ ಬಂದು ಅಷ್ಟು ದಿನವಾದರೂ ಒಮ್ಮೆಯೂ ಮಾಡಿರಲಿಲ್ಲ. ನನಗೆ ಗಂಟಲು ಕಟ್ಟಿತು.

ಜಾಗದ ಜೊತೆ ಬಾಯಿಗೆ ಕೆಲಸ ಬೇಕು. ಇದರಲ್ಲಿ ತುಂಬಾ ಪ್ರಯೋಗ ಮಾಡಿದೆ. ಅಂಗಡಿಯ ಬಣ್ಣಬಣ್ಣದ ಮರದ ಆಟಿಕೆಗಳನ್ನು ಅವಳು ಮೂಸಿಯೂ ನೋಡಲಿಲ್ಲ. ಅವಳಿಗೆ ಹಿಡಿಸಿದ್ದು ಪೇಪರ್ ರೋಲಿನ ಒಳಗಿನ ರಟ್ಟಿನ ಕೊಳವೆ. ಕೊಳವೆಯ ಒಂದು ತುದಿ ಮಡಚಿ, ಒಳಗೆ ಹತ್ತು ಪೆಲೆಟ್ ಹಾಕಿ, ಮೇಲೆ ಒಣಹುಲ್ಲನ್ನು ಬೆರಳಲ್ಲಿ ಒತ್ತಿ ಒತ್ತಿ ಬಿಗಿಯಾಗಿ ತುಂಬುತ್ತೇನೆ. ಸಡಿಲ ತುಂಬಿದರೆ ಎರಡು ನಿಮಿಷಕ್ಕೆ ಉದುರಿಸುತ್ತಾಳೆ. ಬಿಗಿಯಾಗಿದ್ದರೆ ಒಂದೊಂದೇ ಎಳೆ ಎಳೆದು, ಕಾಲಲ್ಲಿ ಅದುಮಿ, ರಟ್ಟು ಹರಿದು, ಇಪ್ಪತ್ತು ನಿಮಿಷ ಕೆಲಸ. ರಾತ್ರಿಗೆ ಮೂರು ಕೊಳವೆ. ದಿನದ ಪೆಲೆಟ್ ಒಂದು ಹಿಡಿ, ಅದರಲ್ಲೇ ಇದನ್ನು ಕಳೆಯುತ್ತೇನೆ, ಜಾಸ್ತಿ ಕೊಡುವುದಿಲ್ಲ. ಪೆಲೆಟ್‌ನಲ್ಲಿ ಹೊಟ್ಟೆ ತುಂಬಿದರೆ ಮೊಲ ಹುಲ್ಲು ಬಿಡುತ್ತದೆ.

ಸೇಬಿನ ಮರದ ಒಣ ಕಡ್ಡಿಗಳೂ ಆಗುತ್ತವೆ, ಔಷಧ ಹೊಡೆದಿರಬಾರದು ಅಷ್ಟೇ. ಪೀಚ್, ಪ್ಲಮ್, ಚೆರ್ರಿಯ ಹಸಿ ಕಡ್ಡಿ ಬೇಡ. ಕೆರೆಯುವ ಚಟಕ್ಕೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ, ಅದರ ತುಂಬ ಹರಿದ ಕಾಗದ. ಮಲಗುವ ಮುಂಚೆ ಹುಲ್ಲು ಮಾತ್ರ ಧಾರಾಳವಾಗಿ ಹಾಕುತ್ತೇನೆ, ಅವಳ ಮೈಯಷ್ಟೇ ದೊಡ್ಡ ಕಂತೆ. ಅದೂ ಶೌಚದ ತಟ್ಟೆಯ ಪಕ್ಕದಲ್ಲೇ. ಮೊಲಗಳು ಮೇಯುತ್ತಲೇ ಹಿಕ್ಕೆ ಹಾಕುತ್ತವೆ.

ಈ ಬದಲಾವಣೆಗೆ ಹತ್ತು ದಿನವಾಗುವಷ್ಟರಲ್ಲಿ 11:40ರ ಸದ್ದು ತಾನಾಗಿ ನಿಂತಿತು. 10ಕ್ಕೆ ಬೇಲಿ ಹಾಕಿದರೆ ಕೊಳವೆ ಹರಿದು, ಹುಲ್ಲು ತಿಂದು, ಕಾಲು ಚಾಚಿ ಮಲಗುತ್ತಿದ್ದಳು.

ನಸುಕಿನದ್ದು ಇಷ್ಟು ಸುಲಭ ಇರಲಿಲ್ಲ. ಬಾಗಿಲ ಕಂಬಿ ಇಲ್ಲದಿದ್ದರೆ ಏನು, ಬೇಲಿಯ ಕಂಬಿ ಇತ್ತಲ್ಲ. ಬೆಳಗಿನ ಪೆಲೆಟ್ 7:30ಕ್ಕೆ ಅಂತ ಗಟ್ಟಿ ಮಾಡಿಕೊಂಡೆ. ಅದನ್ನೂ ತಟ್ಟೆಯಲ್ಲಿ ಹಾಕದೆ ಹುಲ್ಲಿನಲ್ಲಿ ಚೆಲ್ಲಿಬಿಡುತ್ತೇನೆ, ಅವಳೇ ಹುಡುಕಿ ತಿನ್ನಲಿ. 4:15ಕ್ಕೆ ಸದ್ದಾದರೆ ಫೋನಿನಲ್ಲಿ ಕ್ಯಾಮೆರಾ ನೋಡುತ್ತೇನೆ. ಕಾಲು ಸಿಕ್ಕಿದೆಯಾ, ನೀರು ಇದೆಯಾ, ಹುಲ್ಲು ಇದೆಯಾ, ಮುದುಡಿ ಕೂತಿಲ್ಲ ತಾನೇ? ಎಲ್ಲ ಸರಿ ಇದ್ದರೆ ಹಾಸಿಗೆಯಲ್ಲಿ ಅಲುಗಾಡುವುದೂ ಇಲ್ಲ. ಈ ನೋಡುವ ಕೆಲಸ ಬಿಡಬೇಡಿ. ಮೊಲ ತಿನ್ನದೆ, ಹಿಕ್ಕೆ ಹಾಕದೆ 10-12 ಗಂಟೆ ಇದ್ದರೆ ಅದು ತುರ್ತು, ಕಾಯದೆ ಡಾಕ್ಟರ್ ಹತ್ತಿರ ಓಡಬೇಕು.

ಮೊದಲ ಎರಡು ದಿನ ಮಾಮೂಲಿನಷ್ಟೇ ಸದ್ದು. ಮೂರು, ನಾಲ್ಕು, ಐದನೆಯ ದಿನ ಎರಡರಷ್ಟಾಯಿತು. ಕಂಬಿ ಜಗ್ಗಿ, ಹಿಂಗಾಲಲ್ಲಿ ನೆಲಕ್ಕೆ ದಬ್ ಅಂತ ಬಡಿದು, ಮತ್ತೆ ಜಗ್ಗಿದಳು. ಹಿಂದೆ ಕೆಲಸ ಮಾಡುತ್ತಿದ್ದ ಉಪಾಯ ಈಗ ಯಾಕೆ ಮಾಡುತ್ತಿಲ್ಲ ಅಂತ ಜೋರಾಗಿ ಪರೀಕ್ಷೆ ಮಾಡುವುದು ಸಹಜ. ತುಂಬಾ ಜನ ಸೋಲುವುದು ಇಲ್ಲೇ. ಐದನೆಯ ದಿನ ನನ್ನ ಹೆಂಡತಿ, "ಒಂದ್ಸಲ ಹಾಕಿಬಿಡಿ, ಪಾಪ" ಅಂದಳು. ಆ ದಿನ ಎದ್ದಿದ್ದರೆ, ಇನ್ನೂ ಜೋರಾಗಿ, ಇನ್ನೂ ಹೊತ್ತು ಜಗ್ಗಬೇಕು ಅಂತ ಕಲಿಸಿದ ಹಾಗಾಗುತ್ತಿತ್ತು. ಏಳಲಿಲ್ಲ. ಮಗಳಿಗೆ ಕಿವಿಗೆ ಹತ್ತಿ ಕೊಟ್ಟೆ. ಆರನೆಯ ದಿನ ಇಳಿಯಿತು. ಒಂಬತ್ತನೆಯ ದಿನದ ವಿಡಿಯೊದಲ್ಲಿ 4:20ಕ್ಕೆ ಎದ್ದು, ಕಂಬಿಯ ಹತ್ತಿರ ಹೋಗಿ, ಕಿವಿ ತಿರುಗಿಸಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ವಾಪಸ್ ಹೋಗಿ ಹುಲ್ಲಿಗೆ ಬಾಯಿ ಹಾಕಿದಳು.

ಜೊತೆಗೊಂದು ಮೊಲ ತಂದರೆ ಸರಿಹೋಗುತ್ತದಾ ಅಂತ ಕೇಳುವವರಿದ್ದಾರೆ. ಮೊಲ ಒಂಟಿ ಪ್ರಾಣಿಯಲ್ಲ, ಜೋಡಿ ಇದ್ದರೆ ಒಳ್ಳೆಯದೇ. ಆದರೆ ಎರಡಕ್ಕೂ ಆಪರೇಷನ್ ಆಗಿರಬೇಕು. ವಾರಗಟ್ಟಲೆ ನಿಧಾನವಾಗಿ ಪರಿಚಯ ಮಾಡಿಸಬೇಕು. ಇಲ್ಲದಿದ್ದರೆ ರಕ್ತ ಬರುವ ಹಾಗೆ ಕಚ್ಚಾಡುತ್ತವೆ. ಸದ್ದು ನಿಲ್ಲಲಿ ಅಂತ ಮಾತ್ರ ಇನ್ನೊಂದನ್ನು ತರಬೇಡಿ. ಇಕ್ಕಟ್ಟಿನ ಗೂಡಿನಲ್ಲಿ ಎರಡಿದ್ದರೆ ಎರಡೂ ಕಡಿಯುತ್ತವೆ.

ಇದೆಲ್ಲ ಆಗಿ ವರ್ಷದ ಮೇಲಾಯಿತು. ಚಕ್ಕೆ ಎದ್ದ ಹಲ್ಲು ಬೆಳೆದು ಸರಿಯಾಗಿದೆ. ಈಗಲೂ ತಿಂಗಳಿಗೊಮ್ಮೆ ನಡುರಾತ್ರಿ ಟಣ್ ಅನ್ನುವುದುಂಟು. ಹೋಗಿ ನೋಡಿದರೆ ಸಾಮಾನ್ಯವಾಗಿ ಸಂಜೆ ನಾವು ಎಲ್ಲೋ ಹೋಗಿ ತಡವಾಗಿ ಬಂದ ದಿನ ಅದು, ಅವಳಿಗೆ ಓಡಾಟ ಸಿಕ್ಕಿರುವುದಿಲ್ಲ. ಅಂಥ ದಿನ ಮನೆಗೆ ಬಂದ ಕೂಡಲೇ, ಎಷ್ಟೇ ಹೊತ್ತಾಗಿದ್ದರೂ, ಬೇಲಿ ತೆಗೆದು ಒಂದು ಗಂಟೆ ಬಿಡುತ್ತೇನೆ. ನಾನು ಚಾಪೆಯ ಮೇಲೆ ಕೂತು ಮರುದಿನದ ಕೊಳವೆಗಳಿಗೆ ಹುಲ್ಲು ತುಂಬುತ್ತಿರುತ್ತೇನೆ, ಅವಳು ನನ್ನ ಸುತ್ತ ಓಡುತ್ತಿರುತ್ತಾಳೆ.