ವಿಕೆಟ್ ಕೀಪರ್ ಹುಡುಗನ್ನ ಬೇಸ್‌ಬಾಲ್ ಕ್ಯಾಚರ್ ಮಾಡೋದು ಹೆಂಗೆ

ದಾವಣಗೆರೆಯಲ್ಲಿ ಯಾವ ಓಣಿಗೆ ಹೋದ್ರೂ ಒಬ್ಬ ಕೀಪರ್ ಸಿಗ್ತಾನೆ, ಕ್ಯಾಚರ್ (ಬೇಸ್‌ಬಾಲಲ್ಲಿ ಬ್ಯಾಟರ್ ಹಿಂದೆ ಕೂತು ಪಿಚರ್, ಅಂದ್ರೆ ಬಾಲ್ ಎಸೆಯೋನು, ಹಾಕಿದ್ದನ್ನ ಹಿಡಿಯೋನು) ಮಾತ್ರ ಸಿಗಲ್ಲ. ಅದ್ಕೆ ಶಾಲಾ ಕ್ರೀಡಾಕೂಟಕ್ಕೆ ಬೇಸ್‌ಬಾಲ್ ಟೀಮ್ ಕಟ್ಬೇಕು ಅಂದ್ರೆ ಪಿಟಿ ಮೇಷ್ಟ್ರು ಮೊದ್ಲು ಮಾಡೋ ಕೆಲ್ಸ ಕ್ರಿಕೆಟ್ ಟೀಮಿನ ಕೀಪರನ್ನ ಕರ್ದು "ನೀನೇ ಹಿಂದ್ಗಡೆ ಕೂತ್ಕೊಳ್ಳೋ" ಅನ್ನೋದು. ನನ್ನನ್ನೂ ಹಂಗೇ ಕೂರ್ಸಿದ್ರು, ಮೊದಲ ವಾರಕ್ಕೇ ಎಡಗೈ ಹೆಬ್ಬೆರಳು ಬದನೆಕಾಯಿ ಆಗಿತ್ತು. ಈಗ ಬೆಳಗ್ಗೆ ಹೊತ್ತು ಹುಡುಗ್ರಿಗೆ ಹೇಳ್ಕೊಡ್ತೀನಿ, ಆ ಹೆಬ್ಬೆರಳಿನ ಲೆಕ್ಕದಲ್ಲೇ ಇದನ್ನ ಬರೀತಿರೋದು.

ಮೊದ್ಲು ಕೂರೋದು. ಕೀಪರ್ ಬಾಲ್ ಬರೋವರ್ಗೂ ಕೂತು ಆಮೇಲೆ ಏಳ್ತಾನೆ, ಕ್ಯಾಚರ್ ಕುಕ್ಕರುಗಾಲಲ್ಲಿ ಕೂತವ್ನು ಬಾಲ್ ಕೈಗೆ ಬಂದ್ಮೇಲೂ ಅಲ್ಲೇ, ಹಿಂಗೆ ಒಂದು ಮ್ಯಾಚಿಗೆ ನೂರು ನೂರೈವತ್ತು ಸಲ. ನಮ್ಮೂರ ಗರಡಿ ಹುಡುಗ್ರು ಹೊಡ್ಯೋ ಬಸ್ಕಿನೇ ಇದಕ್ಕೂ ಮದ್ದು. ಆದ್ರೆ ಬರೀ ಏಳೋದು ಕೂರೋದು ಸಾಲಲ್ಲ, ಕೆಳಗೆ ಹೋಗಿ ಹಂಗೇ ಅರ್ಧ ನಿಮಿಷ ನಿಲ್ಲಿ. ಕ್ಯಾಚರ್‌ಗಳಲ್ಲಿ ದೊಡ್ಡ ಹೆಸ್ರು ಯೋಗಿ ಬೆರಾ ಅಂತ, ಅಮೆರಿಕದವ್ನೇ. ಚಿಕ್ಕೋನಿದ್ದಾಗ ಕೈಕಾಲು ಮಡಚ್ಕೊಂಡು ಸುಮ್ನೆ ಕೂರ್ತಿದ್ನಂತೆ, ಗೆಳೆಯ ನೋಡಿ ಇಂಡಿಯಾದ ಯೋಗಿ ತರ ಇದೀಯಲ್ಲ ಅಂದ, ಅದೇ ಹೆಸ್ರು ನಿಂತ್ಬಿಡ್ತು. ಆಟಗಾರನಾಗಿ 10 ವರ್ಲ್ಡ್ ಸೀರೀಸ್ (ಅಲ್ಲಿಯ ದೊಡ್ಡ ಲೀಗಿನ ಫೈನಲ್) ಗೆದ್ದ, ಇನ್ಯಾರೂ ಅಷ್ಟು ಗೆದ್ದಿಲ್ಲ.

ಈಗ ಕೈ. ಇಲ್ಲೇ ನಮ್ಮ ಕೀಪರ್‌ಗಳು ಕೆಡೋದು. ಕೀಪಿಂಗಲ್ಲಿ ಏನ್ ಕಲ್ತಿರ್ತೀವಿ, ಎರಡು ಕೈ ಬೊಗಸೆ ಮಾಡಿ ಬಾಲ್ ಬಂದ ದಿಕ್ಕಿಗೇ ಕೈನ ಹಿಂದಕ್ಕೆ ಬಿಡೋದು. ಕ್ಯಾಚರ್ ಹಂಗೆ ಬಿಟ್ರೆ ಬಾಲ್ ಸ್ಟ್ರೈಕ್ ಝೋನ್‌ನಿಂದ (ಪ್ಲೇಟ್ ಮೇಲೆ, ಬ್ಯಾಟರ್‌ನ ಮಂಡಿಯಿಂದ ಎದೆವರ್ಗಿನ ಜಾಗ) ಹೊರಗೆ ಜಾರ್ಕೊಂಡು ಹೋದಂಗೆ ಕಾಣುತ್ತೆ, ಹಿಂದೆ ನಿಂತಿರೋ ಅಂಪೈರ್ "ಬಾಲ್" ಅಂತಾನೆ, ಅಂದ್ರೆ ಹೆಚ್ಚುಕಮ್ಮಿ ನಮ್ಮ ವೈಡ್ ತರ, ಬ್ಯಾಟರ್ ವಿರುದ್ಧ ಎಣಿಸ್ಬೇಕಿದ್ದ ಸ್ಟ್ರೈಕ್ ಹೋಯ್ತು. ಅದ್ಕೆ ಬಾಲ್ ಬರೋಕ್ಕಿಂತ ಮುಂಚೆ ಗ್ಲೋವ್ ಅದ್ರ ದಾರಿಯ ಹೊರಗಡೆ ಇರ್ಬೇಕು, ಹಿಡಿಯುವಾಗ್ಲೇ ಮೆಲ್ಲಗೆ ಒಳಕ್ಕೆ ತರ್ಬೇಕು, ತಂದ್ಮೇಲೆ ಅಲ್ಲಾಡಿಸ್ಬಾರ್ದು. ಜಾಸ್ತಿ ಎಳೆದ್ರೆ ಅಂಪೈರ್‌ಗೂ ಗೊತ್ತಾಗುತ್ತೆ, ಅವ್ನೇನ್ ಕುರುಡನಾ. ಗಂಟೆಗೆ 145 ಕಿಲೋಮೀಟರ್ ಸ್ಪೀಡಿನ ಬಾಲ್ ಪಿಚರ್ ಕೈಬಿಟ್ಮೇಲೆ ಬರೀ 0.4 ಸೆಕೆಂಡಲ್ಲಿ ಬರುತ್ತೆ, ಇದೆಲ್ಲ ಅಷ್ಟರೊಳಗೆ ಆಗ್ಬೇಕು. ಪ್ರಾಕ್ಟೀಸಿಗೆ ಗ್ಲೋವ್ ಬೇಡ, ಗೆಳೆಯನ್ನ ಹತ್ತಡಿ ದೂರ ನಿಲ್ಸಿ ಟೆನಿಸ್ ಬಾಲ್ ಎಸೆಸ್ಕೊಂಡು ಎಡಗೈ ಒಂದ್ರಲ್ಲೇ ಹಿಡೀರಿ.

ಬಲಗೈ ಎಲ್ಲಿ ಅಂತ ಕೇಳ್ತೀರಾ? ಬಾಲ್ ಬರುವಾಗ ಅದು ಗ್ಲೋವ್ ಪಕ್ಕ ಇರ್ಬಾರ್ದು, ಪಾದದ ಹಿಂದೆ ಬಚ್ಚಿಡ್ರಿ. ಬ್ಯಾಟಿಗೆ ತಾಗಿ ಬಂದ ಬಾಲ್ ಬರಿಗೈಗೆ ಬಡೀತಂದ್ರೆ ಆ ತಿಂಗಳು ಪರೀಕ್ಷೆ ಬರ್ಯೋಕೂ ಆಗಲ್ಲ.

ನೆಲಕ್ಕೆ ಬಿದ್ದು ಬರೋ ಬಾಲನ್ನ ಹಿಡ್ಯೋಕೆ ಹೋಗ್ಲೇಬೇಡಿ. ಇದು ಕೀಪರ್ ಹುಡುಗ್ರಿಗೆ ಹೇಳಿ ಹೇಳಿ ನನ್ನ ಗಂಟ್ಲು ಹೋಗೈತೆ. ಎರಡೂ ಮಂಡಿ ನೆಲಕ್ಕೆ ಹಾಕಿ, ಕಾಲ ಸಂದಿಗೆ ಗ್ಲೋವ್ ಇಟ್ಟು, ಗದ್ದ ಎದೆಗೆ ಒತ್ಕೊಂಡು, ಭುಜ ಮುಂದಕ್ಕೆ ಬಗ್ಗಿಸಿ ಎದೆಗೆ ಬಡಿಸ್ಕೊಳ್ಳಿ, ಬಾಲ್ ನಿಮ್ಮ ಮುಂದೆನೇ ಬಿದ್ರೆ ಸಾಕು, ಬೇಸ್ (ರನ್ ಓಡುವಾಗ ಮುಟ್ಬೇಕಾದ ಜಾಗ) ಮೇಲಿರೋ ರನ್ನರ್ ಮುಂದಿನ ಬೇಸಿಗೆ ಓಡಲ್ಲ. ಬೇಸಿಗೇಲಿ ನಮ್ಮ ಕಡೆ ನೆಲ ಕಲ್ಲಾಗಿರುತ್ತೆ, ಮಂಡಕ್ಕಿ ಭಟ್ಟಿ ಕಡೆಯಿಂದ ಹಳೇ ಚೀಲ ತಂದು ಮಡಚಿ ಮಂಡಿ ಕೆಳಗೆ ಹಾಕ್ಕೊಂಡು ಕಲೀರಿ.

ಎಸೆಯೋದು ಪೂರ್ತಿ ಹೊಸಾ ವಿದ್ಯೆ. ರನ್ನರ್ ಸೆಕೆಂಡ್ ಬೇಸಿಗೆ ಓಡಿದ್ರೆ ಅವ್ನಿಗಿಂತ ಮುಂಚೆ ಬಾಲ್ ಅಲ್ಲಿಗೆ ಮುಟ್ಟಿಸ್ಬೇಕು. ನೀವು ಕೂರೋ ಕಡೆಯ ಹೋಮ್ ಪ್ಲೇಟಿಂದ ನೇರ ಎದುರಿನ ಸೆಕೆಂಡ್ ಬೇಸಿಗೆ 127 ಅಡಿ ಚಿಲ್ಲರೆ, ಅಂದ್ರೆ ಹೆಚ್ಚುಕಮ್ಮಿ 39 ಮೀಟರ್, ಐವತ್ತು ಹೆಜ್ಜೆ ಮೇಲೆ ಅಳೆದು ಒಂದು ಇಟ್ಟಿಗೆ ಇಟ್ಕೊಳ್ಳಿ. ಬಾಲ್ ಗ್ಲೋವಿಗೆ ತಾಗಿದ ಸದ್ದಿಂದ ಅಲ್ಲಿ ನಿಂತವನ ಕೈಗೆ ಸೇರೋವರ್ಗೂ ಇರೋ ಟೈಮಿಗೆ ಪಾಪ್ ಟೈಮ್ ಅಂತಾರೆ, ಅಮೆರಿಕದ ದೊಡ್ಡ ಲೀಗಾದ ಮೇಜರ್ ಲೀಗಲ್ಲಿ ಅದು 2 ಸೆಕೆಂಡ್ ಆಸುಪಾಸು. ನಮ್ಮ ಹುಡುಗ್ರು ಎರಡೂವರೆಗೆ ಎಸೆದ್ರೆ ನಾನು ಬೆಣ್ಣೆದೋಸೆ ಕೊಡಿಸ್ತೀನಿ. ತೋಳಿನ ಜೋರಿಗಿಂತ ಕಾಲು ಮುಖ್ಯ, ಗ್ಲೋವಿಂದ ಕೈಗೆ ಬಾಲ್ ಬದಲಾಗೋದನ್ನ ಕಿವಿ ಹತ್ರನೇ ಮುಗಿಸ್ಬೇಕು, ಹೊಲಿಗೆಗೆ ಅಡ್ಡಡ್ಡ ಬೆರಳಿಟ್ರೆ ಬಾಲ್ ನೆಟ್ಟಗೆ ಹೋಗುತ್ತೆ.

ಇನ್ನು ಸಿಗ್ನಲ್. ಯಾವ ಬಾಲ್ ಹಾಕ್ಬೇಕು ಅಂತ ಹೇಳೋನೇ ಕ್ಯಾಚರ್. ಸಾಮಾನ್ಯವಾಗಿ ಒಂದು ಬೆರಳಂದ್ರೆ ಫಾಸ್ಟ್‌ಬಾಲ್, ಎರಡಂದ್ರೆ ಕರ್ವ್, ಅಂದ್ರೆ ಬಾಗಿ ಬರೋ ಬಾಲ್. ಮೇಜರ್ ಲೀಗಲ್ಲಿ 2022ರಿಂದ ಬಟನ್ ಒತ್ತಿದ್ರೆ ಪಿಚರ್ ಟೋಪಿಯೊಳಗೆ ಕೇಳೋ ಪಿಚ್‌ಕಾಮ್ ಬಂದೈತೆ, ನಮ್ಗೆ ಬೆರಳೇ ಗತಿ. ಬೆರಳು ಚೆನ್ನಾಗಿ ಕಾಣ್ಲಿ ಅಂತ ಅಲ್ಲಿಯವ್ರು ಉಗುರಿಗೆ ಬಣ್ಣ ಹಚ್ಚೋರು, ನಾನೂ ಅಕ್ಕನ ನೇಲ್ ಪಾಲಿಶ್ ಕದ್ದು ಹಚ್ಕೊಂಡು ಹೋಗಿ ಕ್ಲಾಸಲ್ಲಿ ಒಂದು ತಿಂಗಳು ಬೈಸ್ಕೊಂಡೆ. ಪಿಚರ್ ತಲೆ ಕೆಟ್ಟಾಗ ಎದ್ದು ಹೋಗಿ ಎರಡು ಮಾತಾಡಿ ಬರೋದೂ ನಿಮ್ದೇ ಕೆಲ್ಸ. ಇಡೀ ಮೈದಾನಕ್ಕೆ ಮುಖ ಮಾಡ್ಕೊಂಡು ಕೂರೋನು ಇವ್ನೊಬ್ನೇ, ಅದ್ಕೆನೋ ಏನೋ ಕ್ಯಾಚರ್‌ಗಳು ಆಮೇಲೆ ಮ್ಯಾನೇಜರ್ (ಬೇಸ್‌ಬಾಲಲ್ಲಿ ಹೆಡ್ ಕೋಚ್) ಆಗೋದು ಜಾಸ್ತಿ, ಕ್ಯಾಚರ್ ಆಗಿದ್ದ ಬ್ರೂಸ್ ಬೋಚಿ 2010, 2012, 2014, 2023 ಹಿಂಗೆ ನಾಲ್ಕು ಸಲ ಟೀಮಿಗೆ ವರ್ಲ್ಡ್ ಸೀರೀಸ್ ಗೆಲ್ಸಿಕೊಟ್ಟಿದ್ದಾನೆ.

ಇದ್ರಲ್ಲೇ ಜೀವ್ನ ಮಾಡ್ಬೋದಾ ಅಂತ ಅಪ್ಪ ಅಮ್ಮಂದಿರು ಕೇಳ್ತಾರೆ. ಇಂಡಿಯಾದಿಂದ ರಿಂಕು ಸಿಂಗ್ (ಕ್ರಿಕೆಟ್ ಆಡೋ ರಿಂಕು ಅಲ್ಲ), ದಿನೇಶ್ ಪಟೇಲ್ ಅಂತ ಇಬ್ರು 2008ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ಟೀಮ್ ಜೊತೆ ಸಹಿ ಹಾಕಿದ್ರು, ಇಬ್ರೂ ಪಿಚರ್‌ಗಳು. ಅಲ್ಲಿಯ ಹುಡುಗ್ರೇ ಮೇಜರ್ ಲೀಗ್ ಕೆಳಗಿನ ಲೀಗುಗಳಲ್ಲಿ, ಸಿಂಗಲ್ ಎ ಇಂದ ಟ್ರಿಪಲ್ ಎ ವರ್ಗೂ, ಬಸ್ಸಲ್ಲಿ ಓಡಾಡಿ ವರ್ಷಗಟ್ಲೆ ಕಾಯ್ತಾರೆ. ಸಿಕ್ಕಿದ್ಮೇಲೂ ಮೈ ಉಳೀಬೇಕು. ಇವಾನ್ ರೋಡ್ರಿಗಸ್ 2,427 ಮ್ಯಾಚ್ ಕ್ಯಾಚರ್ ಆಗಿ ಕೂತ, ಅದು ದಾಖಲೆ. ಇನ್ನೊಬ್ಬ ಕ್ಯಾಚರ್ ಜೋ ಮಾವರ್‌ಗೆ ಮಾತ್ರ 2013ರಲ್ಲಿ ತಲೆಗೆ ಪೆಟ್ಟು ಬಿದ್ದು ಮುಂದಿನ ವರ್ಷದಿಂದ ಫಸ್ಟ್ ಬೇಸಿಗೆ ಹೋಗ್ಬೇಕಾಯ್ತು. ಅದ್ಕೆ ಅಪ್ಪಂಗೆ ಓದು ಬಿಡಲ್ಲ ಅಂತ ಮಾತು ಕೊಟ್ಟೇ ಗ್ಲೋವ್ ಕೇಳಿ.

ಕೊನೇದು ಸಾಮಾನು. ಕ್ರಿಕೆಟ್ ಹೆಲ್ಮೆಟ್ ಹಾಕ್ಕೊಂಡು ಕೂರ್ಬೇಡಿ, ಗಂಟ್ಲಿಗೆ ಕಾಪು ಇರಲ್ಲ. ಮಾಸ್ಕ್, ಚೆಸ್ಟ್ ಪ್ರೊಟೆಕ್ಟರ್, ಲೆಗ್ ಗಾರ್ಡ್ ಟೀಮಿಗೆ ಒಂದೇ ಸೆಟ್ ಇದ್ರೂ ಪರ್ವಾಗಿಲ್ಲ, ಹಂಚ್ಕೊಂಡು ಹಾಕ್ಕೊಳ್ಳಿ. ತೊಡೆಸಂದಿ ಕಾಯೋ ಎಲ್ ಗಾರ್ಡ್ ಮಾತ್ರ ಸ್ವಂತದ್ದು ತಗೊಳ್ರಪ್ಪ.