ಮಳೆನಾಡಿನಲ್ಲಿ ಸ್ವೆಟರ್ ಒಗೆದು ಒಣಗಿಸುವುದು

ಮಡಿಕೇರಿ, ಭಾಗಮಂಡಲದ ಕಡೆ ಸ್ವೆಟರ್ ಒಗೆಯುವುದು ಸುಲಭ, ಒಣಗಿಸುವುದೇ ಕಷ್ಟ. ಹಾಗಾಗಿ ಬಕೆಟ್‌ಗೆ ನೀರು ಹಿಡಿಯುವ ಮೊದಲು ಆಕಾಶ ನೋಡಿ. ಕಕ್ಕಡದ (ಜುಲೈ-ಆಗಸ್ಟ್‌ನಲ್ಲಿ ಬರುವ ಕೊಡವ ತಿಂಗಳು) ಜಡಿಮಳೆಯಲ್ಲಿ ಉಣ್ಣೆಯನ್ನು ನೆನೆಸಲೇಬೇಡಿ. ಬೆವರಿನ ವಾಸನೆಯಷ್ಟೇ ಆದರೆ ಒಳಗಿನದು ಹೊರಗೆ ಮಾಡಿ ಫ್ಯಾನ್ ಕೆಳಗೆ ರಾತ್ರಿಯಿಡೀ ಹರವಿದರೆ ಸಾಕು. ಎರಡು ದಿನ ಮಳೆ ಬಿಟ್ಟು ಹೊಳವಾಗುವ ಲಕ್ಷಣ ಕಂಡಾಗ ಒಗೆಯಿರಿ.

ನೂಲು ಯಾವುದೆಂದು ಮೊದಲು ಗೊತ್ತಿರಬೇಕು. ಚೀಟಿ ಇಲ್ಲದಿದ್ದರೆ ಒಳಬದಿಯಲ್ಲಿ ಉಳಿದ ನೂಲಿನ ತುದಿ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ; ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ಅಕ್ರಿಲಿಕ್‌ಗೆ ಮಾಮೂಲಿ ಸೋಪಿನ ಪುಡಿ ನಡೆಯುತ್ತದೆ, ಬಿಸಿ ಇಸ್ತ್ರಿ ಮಾತ್ರ ಬೇಡ. ಒಮ್ಮೆ ಸೊರಗಿದ ಹೆಣಿಗೆ ಮತ್ತೆ ಪುಟಿದೇಳುವುದಿಲ್ಲ.

ಉಣ್ಣೆಯ ಎಳೆಯ ಮೇಲೆ ಮೀನಿನ ಮೈಯಲ್ಲಿರುವಂಥ ಸಣ್ಣ ಚಿಪ್ಪುಗಳಿವೆ. ಬಿಸಿನೀರು, ಖಾರದ ಸೋಪು, ಉಜ್ಜಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಸ್ವೆಟರ್ ಕಂಬಳಿಯಂತೆ ಗಟ್ಟಿಯಾಗಿ ಕುಗ್ಗುತ್ತದೆ. ಹಾಗಾದ ಮೇಲೆ ಕಂಡಿಷನರ್ ನೀರಿನಲ್ಲಿ ನೆನೆಸಿ ಎಳೆದರೂ ಸ್ವಲ್ಪ ಸಡಿಲವಾದೀತು, ಮೊದಲಿನಂತಾಗದು. ಎಂಜೈಮ್ ಇರುವ ಪುಡಿಯೂ ಬೇಡ. ಉಣ್ಣೆಯೇ ಪ್ರೋಟೀನ್, ಆ ಎಂಜೈಮ್ ಒಡೆಯುವುದೂ ಪ್ರೋಟೀನನ್ನೇ.

ಒಗೆಯುವ ಮೊದಲು ಸ್ವೆಟರನ್ನು ಹಳೆಯ ಪೇಪರ್ ಮೇಲೆ ಹರಡಿ ಸುತ್ತ ಗೆರೆ ಎಳೆದಿಡಿ. ಜಿಗಣೆ ಕಚ್ಚಿದ ರಕ್ತದ ಕಲೆಯಿದ್ದರೆ ಮೊದಲು ಬರೀ ತಣ್ಣೀರಿನಲ್ಲಿ ಬಿಡಿಸಿ, ಬಿಸಿ ತಾಗಿದರೆ ಕಲೆ ಕೂತುಬಿಡುತ್ತದೆ. ಆಮೇಲೆ 10 ಲೀಟರ್ ಉಗುರುಬೆಚ್ಚಗಿನ ನೀರಿಗೆ (30 ಡಿಗ್ರಿ ಮೀರದಿರಲಿ) ಎರಡು ಟೀ ಚಮಚ ಉಲ್ಲನ್ ಲಿಕ್ವಿಡ್ ಇಲ್ಲವೇ ಶಾಂಪೂ ಕದಡಿ, ಹತ್ತು ನಿಮಿಷ ನೆನೆಸಿ. ಅಂಗೈಯಿಂದ ಒತ್ತಿ ಬಿಡಿ, ಒತ್ತಿ ಬಿಡಿ. ಕಲ್ಲಿಗೆ ಬಡಿಯುವುದು, ಬ್ರಷ್, ಹಿಂಡುವುದು ಯಾವುದೂ ಬೇಡ. ಅಷ್ಟೇ ಬೆಚ್ಚಗಿನ ನೀರಿನಲ್ಲಿ ನೊರೆ ಹೋಗುವವರೆಗೆ ಅದ್ದಿ ತೆಗೆಯಿರಿ. ತೋಳು ಹಿಡಿದು ಎತ್ತಬೇಡಿ, ನೀರಿನ ಭಾರಕ್ಕೆ ತೋಳು ಮೊಣಕಾಲಿಗಿಳಿಯುತ್ತದೆ. ಎರಡೂ ಕೈಯಲ್ಲಿ ತಳದಿಂದ ಎತ್ತಿ.

ಟವೆಲ್ ಮೇಲೆ ಹರಡಿ, ಚಾಪೆಯಂತೆ ಸುರುಳಿ ಸುತ್ತಿ ಕಾಲಿನಿಂದ ಮೆಟ್ಟಿ. ಟವೆಲ್ ಬದಲಿಸಿ ಇನ್ನೊಮ್ಮೆ. ಬಳಿಕ ಪೇಪರಿನ ಗೆರೆಯ ಅಳತೆಗೆ ಎಳೆದು, ನೆರಳಿನಲ್ಲಿ ಬಿದಿರಿನ ತಟ್ಟಿಯ ಮೇಲೆ ಅಡ್ಡಡ್ಡ ಮಲಗಿಸಿ, ಅಡಿಯಿಂದಲೂ ಗಾಳಿಯಾಡಬೇಕು. ಮಳೆ ಬಂತೆಂದು ಸೌದೆ ಒಲೆಯ ಮೇಲೆ ಹರವಿದರೆ ಹೊಗೆ ವಾಸನೆ ತಿಂಗಳಾದರೂ ಬಿಡದು, ಫ್ಯಾನೇ ವಾಸಿ. ಉಣ್ಣೆ ತನ್ನ ತೂಕದ ಸುಮಾರು 30 ಶೇಕಡ ತೇವ ಹೀರಿಯೂ ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. ಬೂಷ್ಟು ಹಿಡಿಯುವುದು ಹೀಗೆ ಮೋಸಹೋದಾಗಲೇ. ಕಂಕುಳಿನ ಹೊಲಿಗೆ, ಕತ್ತಿನ ಪಟ್ಟಿ ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಇನ್ನೊಂದು ದಿನ ಬಿಡಿ.

ಒಗೆಯದೆ ಎತ್ತಿಡಬೇಡಿ, ಬೆವರು, ಸಾರಿನ ಕಲೆ ಇದ್ದಲ್ಲೇ ನುಸಿಹುಳು ಮೊದಲು ತೂತು ಮಾಡುತ್ತದೆ. ಹ್ಯಾಂಗರ್‌ಗೆ ಹಾಕದೆ ಮಡಿಚಿ, ಹಳೆಯ ಕಾಟನ್ ದಿಂಬಿನ ಚೀಲದಲ್ಲಿಡಿ. ಪ್ಲಾಸ್ಟಿಕ್ ಕವರ್ ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ನುಸಿಗುಳಿಗೆಯನ್ನು ಬಟ್ಟೆಯಲ್ಲಿ ಕಟ್ಟಿಡಿ, ನೂಲಿಗೆ ತಾಗದಿರಲಿ. ಕಾಳುಮೆಣಸಿನ ಪೊಟ್ಟಣ ಇಡುವವರೂ ಇದ್ದಾರೆ. ಅದೊಂದನ್ನೇ ನಂಬಿ ಒಳ್ಳೆಯ ಸ್ವೆಟರ್ ಬಿಡಬೇಡಿ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೊಡವರ ಹಬ್ಬ ಕೈಲ್‌ಪೊಳ್ದ್ ಕಳೆದು ಬಿಸಿಲು ಬಿದ್ದ ದಿನ ಎಲ್ಲವನ್ನೂ ಹೊರತೆಗೆದು ಕೊಡವಿ, ಮಡಿಕೆ ಬದಲಿಸಿ ಮತ್ತೆ ಇಡಿ.