ದೋಹಾಕ್ಕೆ ಹೊಸದಾಗಿ ಬರುವವರಿಗೆ: ಹೊಯಿಗೆ ದಾಟಿ ಕಡಲಿಗೆ ಹೋಗುವ ಮೊದಲು

ರಜೆಗೆ ಉಡುಪಿಗೆ ಬಂದಿದ್ದೇನೆ. ಮೊನ್ನೆ ರಥಬೀದಿಯಲ್ಲಿ ಸಿಕ್ಕ ಒಂದು ಕುಟುಂಬ ಮುಂದಿನ ತಿಂಗಳು ದೋಹಾಕ್ಕೆ ಹೊರಟಿದೆ. ಶಾಲೆ, ಮನೆ ಬಾಡಿಗೆ ಎಲ್ಲ ಕೇಳಿ ಆದ ಮೇಲೆ ಅವರ ಹುಡುಗ ಕೇಳಿದ, "ಅಲ್ಲಿ ಮರಳುಗಾಡಿನ ಒಳಗೇ ಸಮುದ್ರ ಉಂಟಂತೆ, ಹೌದಾ ಅಂಕಲ್?"

ಉಂಟು ಮಗಾ. ಖೋರ್ ಅಲ್ ಅದೈದ್ ಅಂತ ಹೆಸರು. ಕತಾರಿನ ದಕ್ಷಿಣದ ತುದಿಯಲ್ಲಿ ಸಮುದ್ರ ಒಂದು ಸಪೂರ ದಾರಿಯಲ್ಲಿ ಒಳಗೆ ಬಂದು ಕೆರೆಯ ಹಾಗೆ ಹರಡಿಕೊಂಡಿದೆ, ಸುತ್ತ ಎತ್ತರದ ಮರಳ ದಿಬ್ಬಗಳು, ಆಚೆ ದಡ ಸೌದಿ. ಚಳಿಗಾಲದಲ್ಲಿ ಫ್ಲೆಮಿಂಗೊ ಹಕ್ಕಿಗಳೂ ಬರುತ್ತವೆ. ನಮ್ಮ ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೈವೇ. ಅಲ್ಲಿ ಹೈವೇ ಇಲ್ಲ. ರಸ್ತೆಯೇ ಇಲ್ಲ. ಡಾಂಬರು ಸೀಲೈನ್ ಅನ್ನುವ ಬೀಚಿನ ಹತ್ತಿರ ಮುಗಿಯುತ್ತದೆ, ಮುಂದಿನದ್ದೆಲ್ಲ ಹೊಯಿಗೆ. ಅದಕ್ಕೇ ಇಷ್ಟು ಬರೆಯುತ್ತಿರುವುದು.

ಮೊದಲನೇ ಮಾತು, ಒಂದೇ ಗಾಡಿಯಲ್ಲಿ ಹೋಗಬೇಡಿ. ಕಡಿಮೆ ಅಂದರೆ ಎರಡು, ಅದರಲ್ಲಿ ಒಬ್ಬರಾದರೂ ದಾರಿ ಗೊತ್ತಿರುವವರು. ನಾನು ಹೋದ ಎರಡನೇ ಚಳಿಗಾಲದಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಹೆಂಡತಿ, ಎರಡು ವರ್ಷದ ಮಗಳನ್ನು ಕರೆದುಕೊಂಡು ನಾವೇ ಹೊರಟೆವು. ದಿಬ್ಬಗಳ ನಡುವೆ ಚಪ್ಪಟೆ ಜಾಗ ಕಂಡಿತು, ಮೇಲೆ ಬಿಳಿ ಉಪ್ಪಿನ ಪದರ, ಒಳ್ಳೆ ಗಟ್ಟಿ ನೆಲ ಅಂದುಕೊಂಡೆ. ಅದಕ್ಕೆ ಸಬ್ಖಾ ಅನ್ನುತ್ತಾರೆ. ಮೇಲೆ ಹಪ್ಪಳ, ಕೆಳಗೆ ಕಂಬಳದ ಗದ್ದೆ. ಚಕ್ರ ಪದರ ಒಡೆದು ಬೂದು ಬಣ್ಣದ ಕೆಸರಿಗೆ ಇಳಿಯಿತು, ನಾನು ಆಕ್ಸಿಲರೇಟರ್ ಒತ್ತಿದಷ್ಟೂ ಇಳಿಯಿತು, ಕೊನೆಗೆ ಬಾಗಿಲು ತೆರೆಯಲಿಕ್ಕೂ ಕಷ್ಟವಾಯಿತು. ಕತ್ತಲಾಯಿತು. ಮಗಳಿಗೆ ಹಾಲು ಮುಗಿದಿತ್ತು. ಮೂರು ಗಂಟೆ ಆದ ಮೇಲೆ ಒಂದು ಕತಾರಿ ಕುಟುಂಬ ನಿಸ್ಸಾನ್ ಪ್ಯಾಟ್ರೋಲ್ ಗಾಡಿಯಲ್ಲಿ ಬಂದು ಎಳೆದು ತೆಗೆದರು, ಮಗುವಿಗೆ ಖರ್ಜೂರ ಕೊಟ್ಟರು, ಡಾಂಬರು ರಸ್ತೆ ಸಿಗುವವರೆಗೆ ಹಿಂದೆಯೇ ಬಂದರು. ಆ ಉಪಕಾರ ಮರೆಯುವ ಹಾಗಿಲ್ಲ. ನೀವು ಮಾತ್ರ ಹಳೆ ಚಕ್ರದ ಗುರುತು ಇರುವಲ್ಲೇ ಹೋಗಿ, ಬಿಳಿ ನೆಲ ಕಂಡರೆ ದೂರ ಇರಿ.

ಗಾಡಿ ಎತ್ತರ ಇದೆ ಅಂತ ಫೋರ್ ವೀಲ್ ಡ್ರೈವ್ (ಇಂಜಿನ್ ನಾಲ್ಕೂ ಚಕ್ರ ತಿರುಗಿಸುವ ಗಾಡಿ) ಆಗುವುದಿಲ್ಲ, ಸರಿಯಾಗಿ ವಿಚಾರಿಸಿ. ಬಾಡಿಗೆ ಗಾಡಿಯಾದರೆ ಕರಾರು ಓದಿ, ಮರಳಿಗೆ ಇಳಿಸಬಾರದು ಅಂತ ಸಾಮಾನ್ಯವಾಗಿ ಬರೆದಿರುತ್ತದೆ, ಆಮೇಲೆ ಇನ್ಶೂರೆನ್ಸ್ ಸಿಗುವುದಿಲ್ಲ.

ಈಗ ಟೈರಿನ ಗಾಳಿಯ ವಿಷಯ. ಮಲ್ಪೆಯ ಹೊಯಿಗೆ ನೀರು ಕುಡಿದು ಗಟ್ಟಿಯಾಗಿರುತ್ತದೆ, ನೀರಂಚಿನಲ್ಲಿ ಸೈಕಲ್ ಕೂಡ ಹೋಗುತ್ತದೆ. ಅಲ್ಲಿನದು ಒಣ ಹೊಯಿಗೆ, ಮಧ್ಯಾಹ್ನದ ಬಿಸಿಲಿಗೆ ರವೆಯ ಹಾಗೆ ಜಾರುತ್ತದೆ. ಟೈರಿನಲ್ಲಿ ಗಾಳಿಯ ಒತ್ತಡ 35 ಪಿಎಸ್ಐ (ಪಂಪಿನ ಮೀಟರಿನಲ್ಲಿ ಕಾಣುವ ಅಳತೆ) ಇದ್ದರೆ ಕತ್ತಿಯ ಹಾಗೆ ಕೊಯ್ದುಕೊಂಡು ಒಳಗೆ ಹೋಗುತ್ತದೆ. 15ರಿಂದ 18ಕ್ಕೆ ಇಳಿಸಿ. ಆಗ ಟೈರು ಅಗಲವಾಗಿ ಕೂರುತ್ತದೆ, ಕೆಳಗಿನ ಪಕ್ಕ ಉಬ್ಬಿದ್ದು ಕಣ್ಣಿಗೇ ಕಾಣುತ್ತದೆ, ಒಂಟೆಯ ಪಾದದ ಹಾಗೆ. ಇನ್ನೂ ಜಾಸ್ತಿ ಇಳಿಸಿ ಜೋರಾಗಿ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಬಹುದು. ಸೀಲೈನಿನಲ್ಲೇ ಗಾಳಿ ತೆಗೆಯುವ, ತುಂಬುವ ಹುಡುಗರು ಇರುತ್ತಾರೆ. ವಾಪಸ್ ಬರುವಾಗ ತುಂಬಿಸದೆ ಮಾತ್ರ ಹೈವೇ ಹತ್ತಬೇಡಿ.

ದಿಬ್ಬವನ್ನು ನೇರವಾಗಿ ಹತ್ತಿ, ನೇರವಾಗಿ ಇಳಿಯಿರಿ. ಅಡ್ಡ ಹೋದರೆ ಗಾಡಿ ಮಗುಚುತ್ತದೆ. ತುದಿಯ ಆಚೆ ಏನಿದೆ ಕಾಣುವುದಿಲ್ಲ, ಗೊತ್ತಿಲ್ಲದ ದಿಬ್ಬವಾದರೆ ಮೊದಲು ಇಳಿದು ನಡೆದು ನೋಡಿ ಬನ್ನಿ. ಹೂತರೆ ಚಕ್ರ ತಿರುಗಿಸುತ್ತಾ ಕೂರಬೇಡಿ. ಇಳಿಯಿರಿ, ಚಕ್ರದ ಸುತ್ತ ಕೈಯಲ್ಲಿ ಮರಳು ತೆಗೆಯಿರಿ, ಗಾಳಿ ಇನ್ನೆರಡು ಪಾಯಿಂಟ್ ಇಳಿಸಿ, ಬಂದ ಜಾಡಿನಲ್ಲೇ ಹಿಂದಕ್ಕೆ ತೆಗೆಯಿರಿ. ಹಗ್ಗ ಹಾಕಿ ಎಳೆಯುವಾಗ ಮಕ್ಕಳು ದೂರ ನಿಲ್ಲಲೇಬೇಕು, ತುಂಡಾದ ಹಗ್ಗ ಜೀವ ತೆಗೆಯುತ್ತದೆ.

ಸಮುದ್ರದ ಅಂಚಿನ ದಾರಿ ಚಂದ. ಆದರೆ ಭರತದ ಹೊತ್ತಿಗೆ ನೀರು ಅದನ್ನು ಮುಚ್ಚುತ್ತದೆ. ನಾವು ಕಡಲ ಬದಿಯವರು, ಭರತ-ಇಳಿತ ನೋಡಿಯೇ ಬೆಳೆದವರು, ಅಲ್ವಾ? ಅಲ್ಲಿಯೂ ಸಮಯ ನೋಡಿಕೊಂಡೇ ಹೊರಡಿ.

ನವೆಂಬರಿನಿಂದ ಮಾರ್ಚ್ ಒಳ್ಳೆ ಸಮಯ. ಶುಕ್ರವಾರ ಬೆಳಿಗ್ಗೆ ಬೇಗ ಹೊರಡಿ, ತಂಪಿಗೆ ಮರಳೂ ಸ್ವಲ್ಪ ಗಟ್ಟಿ ಇರುತ್ತದೆ. ದಾರಿಯಲ್ಲಿ ಸಿಗುವ ಮೆಸಯೀದ್ ಪಟ್ಟಣದಲ್ಲಿ ಪೆಟ್ರೋಲ್ ತುಂಬಿಸಿ. ಒಂದು ವಿಷಯ ಹೊಸಬರಿಗೆ ಹೊಳೆಯುವುದೇ ಇಲ್ಲ: ಡಿಸೆಂಬರಿನಲ್ಲಿ ಉಡುಪಿಯಲ್ಲಿ 6 ಗಂಟೆಗೆ ಸೂರ್ಯ ಮುಳುಗಿದರೆ ದೋಹಾದಲ್ಲಿ 4.45ಕ್ಕೇ ಮುಳುಗುತ್ತಾನೆ. 3 ಗಂಟೆಗೆ ಗಾಡಿ ತಿರುಗಿಸಿದರೆ ಸರಿ. ಕತ್ತಲಾದ ಕೂಡಲೇ ಚಳಿ, ಮಕ್ಕಳಿಗೆ ಸ್ವೆಟರ್ ಇರಲಿ.

ಒಬ್ಬರಿಗೆ 5 ಲೀಟರ್ ನೀರು. ಮೊಬೈಲ್ ಸಿಗ್ನಲ್ ನಂಬಬೇಡಿ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿ. ತುರ್ತಿಗೆ 999. ತಿಂಡಿಗೆ ಬನ್ಸ್ ಮಾಡಿಕೊಳ್ಳಿ, ಎರಡು ದಿನ ಇಟ್ಟರೂ ಮೆತ್ತಗೇ ಇರುತ್ತದೆ. ನೀರುದೋಸೆ ಬೇಡ, ದಾರಿಯಲ್ಲೇ ಗಟ್ಟಿಯಾಗುತ್ತದೆ. ಪ್ಲಾಸ್ಟಿಕ್ ಒಂದೂ ಬಿಟ್ಟು ಬರಬೇಡಿ, ಒಂಟೆಗಳು ತಿನ್ನುತ್ತವೆ.

ಗಾಡಿಯನ್ನು ಉಪ್ಪು ನೀರಿಗೆ ಇಳಿಸಬೇಡಿ. ಮರುದಿನವೇ ಅಡಿಭಾಗ ತೊಳೆಸಿ. ಜನವರಿಯಲ್ಲಿ ನಾವು ಮೂರು ಮನೆಯವರು ಹೋಗುವವರಿದ್ದೇವೆ, ರಥಬೀದಿಯ ಆ ಹುಡುಗನಿಗೆ ಕಿಟಕಿ ಬದಿಯ ಸೀಟು ಹೇಳಿ ಇಟ್ಟಾಗಿದೆ.